ಹೇಳದೆ ಎದ್ದು ಬರುವ ಮನೆ

ಹೊಳೆನರಸೀಪುರದಲ್ಲಿ ಬಾಡಿಗೆ ಮನೆ ಹಿಡಿದ ಮಾರನೆಯ ಬೆಳಿಗ್ಗೆ ಆಫೀಸಿಗೆ ಹೊರಟವಳು, ಮನೆಯೊಡತಿ ಜಯಮ್ಮನವರಿಗೆ ವಿನಯದಿಂದಲೇ "ಹೋಗ್ತೀನಿ" ಎಂದೆ. ಅವರು ರಟ್ಟೆ ಹಿಡಿದು ಒಳಗೆಳೆದು ಕೂರಿಸಿ ನೀರು ಕುಡಿಸಿದರು. "ಓಗ್ತೀನಿ ಅನ್ಬಾರ್ದು ಕಣವ್ವ, ಬತ್ತೀನಿ ಅನ್ಬೇಕು."

ಹೋಗುವವಳು ಬರ್ತೀನಿ ಅನ್ನುವುದು ಹೇಗೆ? ಭಿಲಾಯಿಯ ನಮ್ಮ ಮನೆಯಲ್ಲಿ ಅಮ್ಮನ ಹಿಂದಿಯದೇ ರಾಜ್ಯಭಾರ. ಅಪ್ಪನ ಕನ್ನಡ ಭಾನುವಾರದ ಪಾಠಕ್ಕೆ ಮಾತ್ರ. ಅಲ್ಲಿ 'ಚಲ್ತೀ ಹ್ಞೂಂ', ಅಂದರೆ ಹೊರಟೆ, ಎಂದರೆ ಮುಗಿಯಿತು. ಯಾರೂ ನೀರು ಕುಡಿಸುವುದಿಲ್ಲ.

ಆಫೀಸಿನಲ್ಲಿ ಇನ್ನೊಂದು ರಾಮಾಯಣ. ಬೀಳ್ಕೊಡುಗೆ ಪತ್ರದಲ್ಲಿ 'ಧನ್ಯವಾದ' ಸಾಕೋ 'ಧನ್ಯವಾದಗಳು' ಆಗಬೇಕೋ ಎಂದು ಇಬ್ಬರು ಹಿರಿಯರು ಜಗಳವಾಡಿ ಒಟ್ಟಿಗೆ ಟೀ ಕುಡಿಯುವುದನ್ನೇ ಬಿಟ್ಟರು. ನಾನು ಎರಡನ್ನೂ ಕಲಿತೆ. ಜಯಮ್ಮ ಸೊಪ್ಪಿನ ಸಾರು ಕೊಟ್ಟಾಗ ಒಂದನ್ನು ಹೇಳಿದರೆ, ನಾವೇನು ಹೊರಗಿನವರಾ ಎಂದು ಮುಖ ಊದಿಸಿದರು. ಹಾಗಾದರೆ ಆ ಮಾತನ್ನು ಯಾರಿಗೆ ಹೇಳುವುದು? ಇವತ್ತಿಗೂ ನನಗೆ ಗೊತ್ತಿಲ್ಲ.

ಅಷ್ಟರಲ್ಲಿ ಕೊಣನೂರಿನಲ್ಲಿ ಜಯಮ್ಮನವರ ತಮ್ಮ ತೀರಿಕೊಂಡರು. ಬಸ್ಸು ಹಿಡಿದು ಹೋಗಿ, ಅವರ ಪಕ್ಕದಲ್ಲಿ ಮಧ್ಯಾಹ್ನದವರೆಗೂ ಕೂತಿದ್ದೆ. ಈ ಊರಲ್ಲಿ ನನಗೆ ಅಂತ ಇದ್ದವರು ಅವರೊಬ್ಬರೇ. ಇಂಥ ದಿನವಾದರೂ ತಪ್ಪಬಾರದೆಂದು ಏಳುವಾಗ ಕೈಮುಗಿದು, ಸ್ಪಷ್ಟವಾಗಿ, "ಹೋಗಿ ಬರ್ತೀನಿ ಅಕ್ಕ" ಎಂದೆ.

ಗೋಡೆಗೆ ಒರಗಿದ್ದ ಅಜ್ಜಿಯೊಬ್ಬರು, "ಸಾವಿನ್ ಮನೇಗೆ ಇನ್ನೊಂದ್ ಸತಿ ಬತ್ತೀನಿ ಅಂತೀಯೇನವ್ವ?" ಎಂದರು. ಜಯಮ್ಮ ಮುಖ ತಿರುಗಿಸಿದರು.

ಅವರು ವಾಪಸು ಬಂದ ಮೇಲೂ, ಬೆಳಿಗ್ಗೆ ನಾನು 'ಬರ್ತೀನಿ' ಎಂದರೆ ಬೆನ್ನು ತಿರುಗಿಸಿ ಒಳಗೆ ಹೋಗುತ್ತಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಾನೂ ಮೂಕಿಯಾದೆ. ಬೇರೆ ಮನೆ ಹುಡುಕಬೇಕೇ ಬೇಡವೇ ಎಂದು ತೋಚದೆ, ಒಬ್ಬಳೇ ಕೂತು ಅತ್ತೆ. ತಿಥಿ ಮುಗಿದ ಮೇಲೆ ಒಂದು ದಿನ ಅವರೇ ಮುದ್ದೆಯ ತಟ್ಟೆ ತಂದು ಮುಂದಿಟ್ಟರು.

"ಏಳ್ಕೊಟ್ಟೋಳು ನಾನೇಯ, ಅರ್ಧ ಏಳ್ಕೊಟ್ಟಿದ್ದೆ ಕಣವ್ವ. ಅಂತಾ ಮನೇಲಿ ಏನೂ ಏಳ್ದಂಗೆ ಎದ್ ಬಂದ್ಬುಡ್ಬೇಕು."

ಅದನ್ನು ಚೆನ್ನಾಗಿಯೇ ಕಲಿತೆ. ಹೋದ ಬೇಸಿಗೆ ಭಿಲಾಯಿಗೆ ಹೋದಾಗ, ನನ್ನ ಜೊತೆ ಓದಿದ ಸುನೀತಾಳ ತಾಯಿ ತೀರಿಕೊಂಡಿದ್ದರು. ಹೋದೆ, ಅವಳ ಕೈ ಹಿಡಿದು ಕೂತೆ, ಆಮೇಲೆ ಸುಮ್ಮನೆ ಎದ್ದು ಬಂದೆ. ನಿಮ್ಮ ಮಗಳು ನನಗೆ ಒಂದು ಮಾತೂ ಹೇಳದೆ ಹೋದಳು ಎಂದು ಅವಳು ಸಂಜೆ ನನ್ನ ಅಮ್ಮನ ಹತ್ತಿರ ಅತ್ತಳಂತೆ. ಅವಳಿಗೆ ಇನ್ನೊಂದು ಸಾವು ಬಾರದಿರಲೆಂದೇ ಬಾಯಿ ಬಿಗಿಹಿಡಿದೆ ಎಂಬುದನ್ನು ಹಿಂದಿಯಲ್ಲಿ ಹೇಗೆ ಹೇಳಲಿ?

ಹೊಳೆನರಸೀಪುರಕ್ಕೆ ಮರಳಿ ಜಯಮ್ಮನವರಿಗೆ ಎಲ್ಲ ಹೇಳಿದೆ. ಸರಿಯಾಗಿಯೇ ಮಾಡಿದ್ದೀಯ ಎಂದು ತಲೆ ಸವರಿದರು. ಸುನೀತಾ ಮಾತ್ರ ಇನ್ನೂ ನನ್ನ ಫೋನ್ ಎತ್ತಿಲ್ಲ.