ತಿರುವಿ ಹಾಕಿದ ಫರಸಿ

ಕಳೆದ ವಾರ ನಮ್ಮ ಮನೆಗೆ ಟೈಲ್ಸ್ ಹಾಕುವವರು ಬಂದಿದ್ದರು. ಹಳೆಯ ಫರಸಿಕಲ್ಲಿನ ನೆಲದ ಮೇಲೆ ನೀರು ಸುರಿದು ಮಷೀನು ಹಚ್ಚಿದ್ದೇ ತಡ, ತೊಯ್ದ ಕಲ್ಲಿನ ಪುಡಿಯ ವಾಸನೆ ಮನೆ ತುಂಬಿತು. ಚಹಾ ಸೋಸುತ್ತಿದ್ದವಳು ಸೋಸಣಿಗೆ ಹಿಡಿದುಕೊಂಡೇ ನಿಂತುಬಿಟ್ಟೆ. ಪಕ್ಕದ ಮನೆಯ ಕಾಕಾ ಹಿತ್ತಲಲ್ಲಿ ಕೈಕಾಲು ತೊಳೆಯುವಾಗ ಬರುತ್ತಿದ್ದ ವಾಸನೆ ಅದು.

ಅಷ್ಟರಲ್ಲಿ ಕೆಲಸದವನು ಕೂಗಿದ. "ಮೇಡಂ, ಬಾಗಲ ಬಲ್ಲಿ ಒಂದು ಫರಸಿ ಉಲ್ಟಾ ಹಾಕ್ಯಾರ ನೋಡ್ರಿ. ಒರಟ ಬಾಜೂ ಮ್ಯಾಲ ಬಂದದ. ಯಾವ ಮೇಸ್ತ್ರಿರೀ ಅಂವ?" ಅದನ್ನು ಮುಟ್ಟಬೇಡ, ಅದೊಂದನ್ನು ಬಿಟ್ಟು ಹಾಕು ಎಂದೆ. ಈ ಟೀಚರಮ್ಮನಿಗೆ ತಲೆ ಕೆಟ್ಟಿದೆ ಎನ್ನುವ ಹಾಗೆ ನೋಡಿದ. ಕೆಟ್ಟಿದ್ದರೂ ಕೆಟ್ಟಿರಬಹುದು, ಯಾರಿಗೆ ಗೊತ್ತು.

ಕಾಕಾ ಎಂದರೆ ಸ್ವಂತ ಕಾಕಾ ಅಲ್ಲ. ಶಹಾಬಾದಿನ ನಮ್ಮ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆ ಅವನದು. ಫರಸಿ ಹಾಸುವ ಮೇಸ್ತ್ರಿ. ಖಣಿಗೆ ತಾನೇ ಹೋಗಿ, ಒಂದೊಂದು ಕಲ್ಲನ್ನೂ ಬೆರಳ ಗೆಣ್ಣಿನಿಂದ ಬಾರಿಸಿ, ಕಿವಿಗೊಟ್ಟು ಕೇಳಿ ಆರಿಸುತ್ತಿದ್ದ. ಖಣ್ ಎಂದರೆ ಗಟ್ಟಿ, ಬದ್ ಎಂದರೆ ಒಳಗೆ ಸೀಳಿದೆ. ನಾನು ಹತ್ತನೇ ಕ್ಲಾಸಿನ ಪರೀಕ್ಷೆಗೆ ಹೊರಟ ದಿನ ನನ್ನ ತಲೆಯನ್ನೂ ಹಾಗೇ ಬಾರಿಸಿ, "ಖಣ್ ಅಂತದ, ಪಾಸಾಗ್ತಾಳ," ಎಂದಿದ್ದ. ಓಣಿಯೆಲ್ಲ ನಕ್ಕಿತ್ತು. ನನಗೆ ಮಾತ್ರ ಸಿಟ್ಟು ಬಂದಿತ್ತು.

ಅವನ ಮನೆಗೆ ಅಂಗಳ ಒಂದೇ, ಬಾಗಿಲು ಎರಡು. ಇನ್ನೊಂದು ಬಾಗಿಲಿನ ಒಳಗೆ ಅವನ ಅಣ್ಣನ ಹೆಂಡತಿ ಇದ್ದಳು. ಅವನು ಅವಳಿಗೆ ವೈನಿ ಅನ್ನುತ್ತಿದ್ದ, ನಾನು ದೊಡ್ಡವ್ವ. ಕಾಕಾ ಮದುವೆ ಮಾಡಿಕೊಳ್ಳಲಿಲ್ಲ. ದೊಡ್ಡವ್ವ ರೊಟ್ಟಿ ಬಡಿದು ಅವನ ಬಾಗಿಲಿಗೆ ತಂದಿಡುತ್ತಿದ್ದಳು. ಅವನು ತಲೆ ಎತ್ತದೆ ಉಣ್ಣುತ್ತಿದ್ದ. ಅವಳ ಹಣೆಯ ಮೇಲೆ ಕುಂಕುಮ ಇರಲಿಲ್ಲ. ಅವಳ ಗಂಡ ನಾನು ಹುಟ್ಟುವ ಮೊದಲೇ ಕಾಗಿಣಾ ಹೊಳೆಯ ಪಾಲಾಗಿದ್ದನೆಂದು ಓಣಿಗೆಲ್ಲ ಗೊತ್ತಿತ್ತು.

ಹೇಗೆ ಎಂಬುದನ್ನು ಕಾಕಾ ನನಗೆ ಒಂದೇ ಸಲ ಹೇಳಿದ್ದು. ಅವರ ಮನೆತನಕ್ಕೆ ಒಂದು ಪದ್ಧತಿ ಇತ್ತು. ನೆಲ ಎಷ್ಟೇ ನುಣುಪಾಗಿರಲಿ, ಹೊಸ್ತಿಲು ದಾಟಿದ ಕೂಡಲೇ ಬಲಗಡೆ ಒಂದು ಫರಸಿಯನ್ನು ತಿರುವಿ, ಒರಟು ಮೈ ಮೇಲೆ ಬರುವಂತೆ ಹಾಕಬೇಕು. ಮನೆಗೆ ದೃಷ್ಟಿ ತಾಗಬಾರದೆಂದು ಅವರಪ್ಪ ಕಲಿಸಿದ್ದು. ಊರಲ್ಲಿ ಬೇರೆ ಯಾವ ಮೇಸ್ತ್ರಿಯೂ ಹೀಗೆ ಮಾಡುತ್ತಿರಲಿಲ್ಲ. ಭಂಕೂರಿನ ಒಂದು ಮನೆಯಲ್ಲಿ ಅಣ್ಣ ಹಾಗೆ ಹಾಕಿದ್ದನ್ನು ಕಂಡು ಮನೆಯವರು ಮುಖ ಗಂಟಿಕ್ಕಿದರಂತೆ. ಇಪ್ಪತ್ತೆರಡರ ಹುರುಪಿನ ಕಾಕಾ ಎಲ್ಲರೆದುರು, "ನಮ್ಮಣ್ಣಗ ಕಣ್ಣ ಕಾಣಲ್ರಿ," ಎಂದು ನಕ್ಕು, ಆ ಕಲ್ಲನ್ನು ಕಿತ್ತು ಸರಿಯಾಗಿ ಹಾಸಿಬಿಟ್ಟ. ಅಣ್ಣ ಎದ್ದ. ಸುತ್ತಿಗೆ ಹೆಗಲಿಗೇರಿಸಿ, ವಾಡಿ ಸ್ಟೇಷನ್ನಿಗೆ ಹೋಗಿ ಸಿಕ್ಕ ರೈಲು ಹತ್ತುತ್ತೇನೆಂದು ಮಳೆಯಲ್ಲೇ ಹೊರಟ. ವಾಡಿಗೆ ಹೋಗಲು ಹೊಳೆ ದಾಟಬೇಕು. ಹೊಳೆ ಅವತ್ತು ದಂಡೆ ಮೀರಿ ಹರಿಯುತ್ತಿತ್ತು. ನಾಲ್ಕು ದಿನದ ಮೇಲೆ ಅವನ ರುಮಾಲು ಕೆಳಗಡೆ ಒಂದು ಜಾಲಿ ಕಂಟಿಗೆ ಸಿಕ್ಕಿಕೊಂಡಿದ್ದು ಕಾಣಿಸಿತು. ಹೆಣ ಸಿಗಲೇ ಇಲ್ಲ.

"ಅಣ್ಣಗ ಹೊಳಿ ಒಯ್ದಿಲ್ಲ, ನಾ ಕೊಂದೀನಿ," ಎಂದು ಕಾಕಾ ಎದ್ದುಹೋದ. ಅಣ್ಣ ಹೋದಂದಿನಿಂದ ಅವನು ಹಾಸಿದ ನೆಲದಲ್ಲೆಲ್ಲ, ನಮ್ಮ ಮನೆಯಲ್ಲೂ, ಒಂದು ಕಲ್ಲು ತಿರುವಿಕೊಂಡೇ ಇದೆ. ಬೇಡ ಎಂದವರ ಕೆಲಸವನ್ನೇ ಹಿಡಿಯುತ್ತಿರಲಿಲ್ಲ. ಹೊಳೆಯ ಆಚೆ, ವಾಡಿ ಚಿತ್ತಾಪುರದ ಕಡೆ, ಎಷ್ಟು ಕರೆದರೂ ಒಲ್ಲೆನೆನ್ನುತ್ತಿದ್ದ.

ಅಂಥವನು ನಮ್ಮ ಜೊತೆ ಸಮುದ್ರ ನೋಡಲು ಬಂದದ್ದಾದರೂ ಹೇಗೆ... ಈಗಲೂ ನನಗೆ ಪೂರ್ತಿ ತಿಳಿಯದು. ಕೆಲವು ಫರಸಿಗಳ ಮೇಲೆ ಸಣ್ಣ ಸಣ್ಣ ತೆರೆಯ ಗುರುತುಗಳು ಇರುತ್ತವೆ. ಅದೇನೆಂದು ಅವನು ಕೇಳಿದಾಗ, ಎಷ್ಟೋ ಕೋಟಿ ವರ್ಷದ ಹಿಂದೆ ನಮ್ಮ ಶಹಾಬಾದಿನಲ್ಲಿ ಸಮುದ್ರ ಇತ್ತು, ಅದರ ತೆರೆ ಕೆಸರಿನ ಮೇಲೆ ಮೂಡಿ ಕಲ್ಲಾಗಿದೆ ಎಂದು ಪಾಠ ಒಪ್ಪಿಸಿದ್ದೆ. ಕಾಕಾ ಬಹಳ ಹೊತ್ತು ಕಲ್ಲು ಸವರುತ್ತ ಕೂತ. "ಮತ್ತ ಅದು ಎದ್ದು ಎಲ್ಲಿ ಹೋತು? ನಡಿ, ನೋಡೇ ಬಿಡೋಣು," ಎಂದ. ಆ ವರ್ಷ ರಜೆಯಲ್ಲಿ ನಾವು ಶಾಲೆಯವರು ಗೋಕರ್ಣದ ಕಡೆಗೆ ಮಿನಿ ಬಸ್ಸು ಮಾಡಿದ್ದೆವು. ಎರಡು ಸೀಟು ಖಾಲಿ ಇದ್ದವು. ದೊಡ್ಡವ್ವ, "ನನಗ ನೀರ ಸಹವಾಸ ಬ್ಯಾಡ," ಎಂದಳು. ಕಾಕಾ ಹೊಸ ಧೋತರ ಉಟ್ಟು ಎಲ್ಲರಿಗಿಂತ ಮೊದಲು ಬಸ್ಸಿನಲ್ಲಿ ಕೂತಿದ್ದ.

ಗೋಕರ್ಣ ಮುಗಿಸಿ, ಅಲ್ಲಿಂದ ಮುಂದೆ ಸಮುದ್ರದೊಳಗೆ ಚಾಚಿಕೊಂಡ ಒಂದು ಬಂಡೆಗುಡ್ಡಕ್ಕೆ ಹೋದೆವು. ಮೂರು ಕಡೆ ನೀರು, ಒಂದು ಕಡೆ ಮಾತ್ರ ನೆಲ. ನಾನು ಮಕ್ಕಳಿಗೆ ನಕಾಶೆಯಲ್ಲಿ ತೋರಿಸುತ್ತಿದ್ದ ಪರ್ಯಾಯ ದ್ವೀಪ ಎಂಬುದು ಕಾಲ ಕೆಳಗೇ ಇತ್ತು. ಕಡಿದಾದ ಏರು, ಕಾಲಿಗೆ ಚುಚ್ಚುವ ಕೆಂಪು ಕಲ್ಲು, ತುದಿಯಲ್ಲಿ ಒಂದು ದೀಪಸ್ತಂಭ, ನಡುವೆ ಬುರುಜು ಕುಸಿದ ಹಳೆಯ ಕೋಟೆ. ಗಾಳಿಗೆ ನಮ್ಮ ಸೀರೆಗಳು ನಮ್ಮ ಮಾತು ಕೇಳುತ್ತಿರಲಿಲ್ಲ. ಕಾಕಾ ಕೋಟೆಯ ಗೋಡೆ ಬಾರಿಸಿ ನೋಡಿ, "ಥೂ! ಇದೇನು ಕಲ್ಲೋ, ಬೆಲ್ಲದ ಪೆಂಟಿಯೋ," ಎಂದು ಮುಖ ಸಿಂಡರಿಸಿದ. ಸಮುದ್ರದ ಕಡೆಗೆ ಒಂದೆರಡು ಸಲ ನೋಡಿದ, ಅಷ್ಟೇ. ಎಲ್ಲರೂ ಫೋಟೊ ತೆಗೆದುಕೊಳ್ಳುತ್ತಿದ್ದರೆ ಇವನು ನೆಲ ನೋಡುತ್ತ ನಡೆಯುತ್ತಿದ್ದ. ಏನೋ ಕಳಕೊಂಡೀರೇನು ಕಾಕಾ ಎಂದು ನಮ್ಮವರು ಚೇಷ್ಟೆ ಮಾಡಿದರು. ನನಗೂ ಅರ್ಥವಾಗಲಿಲ್ಲ.

ಕೋಟೆಯ ಕೆಳಗೆ, ತೆರೆಯ ನೀರು ಸಿಡಿಯುವಷ್ಟು ಹತ್ತಿರ, ಬಂಡೆಯಲ್ಲೇ ಕೊರೆದ ಬಹಳ ಹಳೆಯ ಗುಹೆ-ಗುಡಿ ಇತ್ತು. ಅದರ ಮುಂದೆ ಯಾರೋ ಈಚಿನ ಕಾಲದಲ್ಲಿ ಒಂದು ಪಡಸಾಲೆ ಕಟ್ಟಿಸಿದ್ದರು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕಾಕಾ ಗಕ್ಕನೆ ನಿಂತ. ಬಗ್ಗಿ ನೆಲ ಬಾರಿಸಿದ. ಖಣ್ ಎಂದಿತು. "ಯವ್ವಾ, ನಮ್ಮ ಫರಸಿ! ನಮ್ಮೂರ ಕಲ್ಲು!" ಎಂದು ಮಕ್ಕಳ ಹಾಗೆ ಕೂಗಿದ. ಶಹಾಬಾದಿನ ಕಲ್ಲು ಎಲ್ಲೆಲ್ಲೋ ಹೋಗುತ್ತದೆ, ಅದರಲ್ಲೇನು ದೊಡ್ಡ ಮಾತು ಎಂದುಕೊಂಡೆ. ಅಷ್ಟರಲ್ಲಿ ಅವನ ಕೂಗು ನಿಂತಿತು. ಹೊಸ್ತಿಲ ಒಳಗೆ, ಬಲಗಡೆ, ಒಂದು ಫರಸಿ ತಿರುವಿಕೊಂಡಿತ್ತು.

ಅವನು ಅದರ ಮುಂದೆ ಕುಸಿದು ಕೂತ. ಎರಡೂ ಅಂಗೈ ಅದರ ಮೇಲಿಟ್ಟ. ಆಮೇಲೆ, "ಹೊಳಿ ದಾಟ್ಯಾನವ್ವಾ... ಅಣ್ಣ ಹೊಳಿ ದಾಟ್ಯಾನ. ಇಲ್ಲೀತನ ಬಂದಾನ. ಸತ್ತಿಲ್ಲ ಅಂವ," ಎಂದು ಬಿಕ್ಕಿ ಬಿಕ್ಕಿ ಅತ್ತ. ನಾನೂ ಅತ್ತೆ. ಅವತ್ತು ನಾನು ನಂಬಿದ್ದೆ, ಆಣೆ ಮಾಡಿ ಹೇಳುತ್ತೇನೆ, ಪೂರ್ತಿ ನಂಬಿದ್ದೆ.

ಕಾಕಾನಿಗೆ ಕುಡಿಯಲು ನೀರು ತರೋಣವೆಂದು ಹೊರಗೆ ಬಂದೆ. ಗುಡಿಯ ಅಂಗಳ ಗುಡಿಸುವ ಮುದುಕರೊಬ್ಬರು ಕೊಡದಿಂದ ನೀರು ಬಗ್ಗಿಸಿ ಕೊಟ್ಟರು. ಆ ಒರಟು ಕಲ್ಲು ಯಾರು ಹಾಕಿದ್ದು ಅಜ್ಜ ಎಂದು ಕೇಳಿದೆ. ಯಾಕಾದರೂ ಕೇಳಿದೆನೋ!

"ಅದಾ? ಅದು ನಾನೇ ಕವುಚಿ ಹಾಕಿದ್ದು," ಎಂದರು. "ಮಳೆಗಾಲದಲ್ಲಿ ಬಾಗಿಲ ಹತ್ರ ಕಾಲು ಜಾರ್ತಿತ್ತು. ಹೋದ ವರ್ಷ ಒಬ್ಬರು ಬಿದ್ದು ಸೊಂಟ ಮುರ್ಕೊಂಡ್ರು. ಅದ್ಕೇ ಕಿತ್ತು ತಿರುಗಿಸಿ ಹಾಕ್ದೆ." ಹಾಗಾದರೆ ಉಳಿದ ನೆಲ ಹಾಸಿದ್ದು ಯಾರು ಎಂದೆ. "ಯಾರೋ ಘಟ್ಟದ ಮೇಲಿನವರು. ತುಂಬಾ ಹಿಂದಿನ ಮಾತು. ನಂಗೆ ನೆನಪಿಲ್ಲ," ಎಂದು ಅವರು ಕಸಬರಿಗೆ ಹಿಡಿದರು.

ಚೊಂಬು ಹಿಡಿದು ಒಳಗೆ ಹೋದೆ. ಹೇಳಬೇಕೆಂದೇ ಹೋದೆ. ಕಾಕಾ ಕಣ್ಣೊರೆಸಿಕೊಂಡು ನಗುತ್ತಿದ್ದ. ಅವನ ಹಲ್ಲುಗಳನ್ನು ನಾನು ಅಷ್ಟು ವರ್ಷದಲ್ಲಿ ಅವತ್ತೇ ಸರಿಯಾಗಿ ನೋಡಿದ್ದು. ಚೊಂಬನ್ನು ಅವನ ಕೈಗಿಟ್ಟೆ. ಹೇಳಲಿಲ್ಲ. ದಯೆಯಿಂದ ಸುಮ್ಮನಾದೆನೋ, ಹೆದರಿ ಸುಮ್ಮನಾದೆನೋ... ಇನ್ನೊಂದು ಯೋಚನೆಯೂ ಕಾಡಿತು. ಆ ಅಜ್ಜ ತಿರುವಿದ್ದು ಒಂದು ಕಲ್ಲು. ಮಿಕ್ಕ ನೆಲವನ್ನು ಅಣ್ಣನೇ ಹಾಸಿರಬಾರದೇಕೆ? ಹಾಸಿದ್ದರೆ ಅವನೇ ಒಂದು ಕಲ್ಲು ತಿರುವಿರಬೇಕಿತ್ತಲ್ಲ, ಅಜ್ಜ ತಿರುವುವ ಪ್ರಸಂಗ ಯಾಕೆ ಬರುತ್ತಿತ್ತು? ತಮ್ಮ ನಕ್ಕ ಮೇಲೆ ಆ ಪದ್ಧತಿಯನ್ನೇ ಬಿಟ್ಟಿದ್ದರೆ? ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಇದನ್ನೇ ಹಿಂದೆ ಮುಂದೆ ಮಾಡಿದೆ. ಇವತ್ತಿಗೂ ಮಾಡುತ್ತೇನೆ.

ಊರಿಗೆ ಬಂದವನೇ ಕಾಕಾ ವೈನಿಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿದ. ದೊಡ್ಡವ್ವ ನನ್ನ ಕಡೆ ತಿರುಗಿದಳು. "ನೀ ಕಣ್ಣಿಲೆ ನೋಡೀದೇನು?" ಎಂದಳು. ನೋಡೀನಿ ಎಂದೆ. ಸುಳ್ಳೇನಲ್ಲವಲ್ಲ, ಕಲ್ಲು ನೋಡಿದ್ದೆ. ಅವಳು ಸಂತೋಷಪಡುತ್ತಾಳೆಂದು ನಾವಿಬ್ಬರೂ ಕಾದೆವು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಹಣೆಗೆ ಕಾಸಗಲ ಕುಂಕುಮ ಇಟ್ಟುಕೊಂಡು ಅಂಗಳಕ್ಕೆ ಬಂದಳು. ಗುಡಿಸುತ್ತ ಗುಡಿಸುತ್ತ ಗಂಡನಿಗೆ ಬೈಗುಳ ಶುರುವಾಯಿತು. "ನಲವತ್ತು ವರ್ಷ ಬೋಳ ಹಣಿ ಮಾಡ್ಕೊಂಡು ನಿನ ಸಲಕ್ಕ ಅತ್ತೀನಲ್ಲೋ! ಸಮುದ್ರದ ದಂಡಿಗಿ ಗಾಳಿ ತಗೋತ ಕುಂತಿದ್ದೇನೋ? ಬಾ, ಹಲ್ಲುದುರಿಸ್ಕೊಂಡು ಬಾ. ಕಲ್ಲನಂಥ ರೊಟ್ಟಿ ಹಾಕ್ತೀನಿ ತಿನ್ನು!" ಸತ್ತವನ ಬಗ್ಗೆ ಒಂದು ಕೆಟ್ಟ ಮಾತು ಆಡದಿದ್ದ ಹೆಂಗಸು, ಅಂದಿನಿಂದ ದಿನಾ ಬೆಳಗಾದರೆ ಬೈದಳು. ಓಣಿಯವರಿಗೆ ನಗು. ನನಗೆ ಎದೆಯಲ್ಲಿ ಮುಳ್ಳು. ಒಬ್ಬರ ಭಾರ ಇಳಿಸಿ ಇನ್ನೊಬ್ಬರ ತಲೆ ಮೇಲೆ ಹೊರಿಸಿದ್ದೆ.

ಕಾಕಾ ಮಾತ್ರ ಬೇರೆ ಮನುಷ್ಯನಾದ. ವಾಡಿಗೆ ಹೋಗಿ ಕೆಲಸ ಮಾಡಿದ, ಚಿತ್ತಾಪುರಕ್ಕೂ ಹೋದ. ಹೊಳೆಯ ಸೇತುವೆ ಬಂದಾಗ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕುತ್ತಾನೆ, ಸಣ್ಣ ಹುಡುಗರ ಹಾಗೆ, ಎಂದು ಜೊತೆ ಹೋದವರು ಹೇಳಿದರು. ಎರಡು ವರ್ಷ ಹಾಗೆ ಬದುಕಿದ. ಹೋದ ಶ್ರಾವಣದಲ್ಲಿ ಎದೆಯಲ್ಲಿ ತುಂಬಿದ ಕಲ್ಲಿನ ಪುಡಿ ಅವನನ್ನು ಮುಗಿಸಿತು. ಕೊನೆಯ ದಿನ ನನ್ನ ಕೈ ಹಿಡಿದು, "ನಾ ಅಣ್ಣಗ ಕೊಂದಿಲ್ಲವ್ವಾ. ಭಾಳ ಹಗರ ಆಗ್ಯಾದ," ಎಂದ. ಹೌದು ಕಾಕಾ ಎಂದೆ. ಆ ಒಂದು ಹೌದಿನ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.

ಕಳೆದ ವಾರ ಟೈಲ್ಸಿನ ಮಷೀನಿನ ಸದ್ದು ನಿಂತ ಆ ಸಂಜೆ ಗೋಡೆಯಾಚೆ ದೊಡ್ಡವ್ವನ ದನಿ ಕೇಳಿಸಿತು. ದೀಪ ಹಚ್ಚುತ್ತ ಬೈಯುತ್ತಿದ್ದಳು. "ಬೆನ್ನಿಗಿ ಬಿದ್ದ ತಮ್ಮ ಸತ್ತ, ಮಣ್ಣಿಗೂ ಬರ್ಲಿಲ್ಲಲ್ಲೋ ನೀ!" ನನಗೆ ತಡೆಯಲಾಗಲಿಲ್ಲ. ತಮ್ಮನ ಮಣ್ಣಿಗೆ ಬರಲಾರದ ಸತ್ತ ಮನುಷ್ಯ, ತಪ್ಪಿಲ್ಲದೆ ಬೈಸಿಕೊಳ್ಳುತ್ತಿದ್ದಾನೆ ಅನ್ನಿಸಿತು. ಇನ್ನು ಈ ಸುಳ್ಳು ಯಾರ ಸಲುವಾಗಿ? ಹೋದೆ. ಗುಡಿ, ಅಜ್ಜ, ಜಾರುವ ಬಾಗಿಲು, ಎಲ್ಲ ಹೇಳಿದೆ. ನನ್ನಿಂದ ತಪ್ಪಾಯಿತು ದೊಡ್ಡವ್ವ ಎಂದು ಕಾಲು ಮುಟ್ಟಿದೆ.

ಅವಳು ಬೈಯುತ್ತಾಳೆ, ಬಡಿಯುತ್ತಾಳೆ ಎಂದುಕೊಂಡಿದ್ದೆ. ದೀಪದ ಬತ್ತಿ ಸರಿಮಾಡುತ್ತಿದ್ದ ಅವಳ ಬೆರಳು ಅಲ್ಲೇ ಉಳಿಯಿತು.

"ಮತ್ತ ಇಷ್ಟು ದಿನ ನಾ ಯಾರಿಗಿ ಬೈಲಿಕತ್ತಿದ್ದೆ?" ಎಂದಳು.

ನನ್ನನ್ನೇ ಕೇಳಿದಳು. ನಿಜವಾಗಿ ಗೊತ್ತಿಲ್ಲದೆ ಕೇಳಿದಳು.

ಮರುದಿನ ಬೆಳಗ್ಗೆ ಗೋಡೆಯಾಚೆ ಬರೀ ಕಸಬರಿಗೆಯ ಸದ್ದು. ಕಾದೆ, ಬೈಗುಳ ಬರಲಿಲ್ಲ. ಎದ್ದು ಹೋಗಿ ನೋಡಿದೆ. ಹಣೆ ಒರೆಸಿಕೊಂಡಿದ್ದಳು. "ಚಾ ಕುಡೀತೇನು?" ಎಂದಳು, ಏನೂ ಆಗದವಳ ಹಾಗೆ. ಕುಡಿದೆ. ಕಾಕಾ ಇದ್ದಿದ್ದರೆ ಹೇಳಿದ್ದು ಸರಿಯೋ ಮುಚ್ಚಿಟ್ಟಿದ್ದು ಸರಿಯೋ ಎಂದು ಕೇಳುತ್ತಿದ್ದೆನೇ? ಅವನಿಗಂತೂ ಕೇಳುವಂತಿರಲಿಲ್ಲ. ಈ ಓಣಿಯಲ್ಲಿ ಇದನ್ನು ಕೇಳಬಹುದಾದವರು ಇನ್ನಾರೂ ಉಳಿದಿಲ್ಲ.

ದೊಡ್ಡವ್ವನ ಗಂಡ ಮೊದಲ ಸಲ ಸತ್ತಾಗ ನಾನು ಹುಟ್ಟಿರಲಿಲ್ಲ. ಎರಡನೇ ಸಲ ಸತ್ತ ಸುದ್ದಿಯನ್ನು ಅವಳ ಬಾಗಿಲಿಗೆ ಒಯ್ದವಳು ನಾನು.