ಹೊಳೆಯಬಾರದಿದ್ದ ಕಬ್ಬಿಣ

ಲುಂಡ್‌ನಲ್ಲಿ ನಾನಿದ್ದ ಮನೆಯ ಕೆಳಗಿನ ಮಹಡಿಯಲ್ಲಿ ಒಬ್ಬ ಸ್ವೀಡಿಷ್ ಅಜ್ಜ ಇದ್ದರು. ಹೆಂಡತಿ ತೀರಿಹೋದ ಮೇಲೆ ಒಬ್ಬರೇ. ಆಕೆ ಕೂಡಿಸಿಟ್ಟಿದ್ದ ಜಪಾನಿ ಸಾಮಾನುಗಳಲ್ಲಿ ಅವರು ಉಳಿಸಿಕೊಂಡಿದ್ದು ಒಂದು ತ್ಸುಬಾ ಮಾತ್ರ. ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂತು ಕೈಯನ್ನು ಕಾಯುವ, ಅಂಗೈಯಗಲದ ಹಳೇ ಕಬ್ಬಿಣದ ಬಿಲ್ಲೆ ಅದು. ಎರಡು ಬಾತುಗಳನ್ನು ಈ ಬದಿಯಿಂದ ಆ ಬದಿ ಕಾಣುವಂತೆ ಕೊರೆದಿದ್ದರು. ಅವುಗಳ ಸುತ್ತಲಿನ ಜೊಂಡಿನ ಎಲೆಗಳಿಗೆ ಕೂದಲೆಳೆಯಷ್ಟು ಸಣ್ಣ ಚಿನ್ನದ ತಂತಿ ಕೂರಿಸಿದ್ದರು. ಸೂಜಿಗೆ ದಾರ ಪೋಣಿಸುವಾಗಲೇ ಸಿಟ್ಟು ಬರುವ ನನಗೆ ಆ ಕೆಲಸಗಾರನ ತಾಳ್ಮೆ ಕಂಡು ಹೊಟ್ಟೆಕಿಚ್ಚಾಗುತ್ತಿತ್ತು.

ಅದರ ಬೆಲೆಯೆಲ್ಲ ಬಣ್ಣದಲ್ಲಿದೆ ಎಂದು ಫಿಕಾಗೆ, ಅಂದರೆ ಅಲ್ಲಿನವರ ಕಾಫಿ-ತಿಂಡಿಯ ಹೊತ್ತಿಗೆ, ಕರೆದಾಗ ಅಜ್ಜ ಹೇಳಿದ್ದರು. ತುಕ್ಕನ್ನೇ ಪಳಗಿಸಿ ಬರಿಸಿದ ಕಪ್ಪು. ತೊಳೆಯುವಂತಿಲ್ಲ, ಮೆತ್ತನೆಯ ಬಟ್ಟೆಯಲ್ಲಿ ದಿನಾ ಒರೆಸಬೇಕು, ಅಷ್ಟೆ. ಮದುವೆಯಾದಾಗಿನಿಂದ ಒರೆಸುತ್ತಿದ್ದವರು ಹೆಂಡತಿ.

"ಈ ಕಪ್ಪಿನಲ್ಲಿ ಅವಳ ಕೈ ಇದೆ," ಎಂದರು.

ಆ ಶರತ್ಕಾಲದಲ್ಲಿ ಆಪರೇಷನ್‌ಗೆಂದು ಆಸ್ಪತ್ರೆಗೆ ಹೊರಟಾಗ, ದಿನಾ ಒರೆಸಿ ಎಂದು ಬಿಲ್ಲೆಯನ್ನು ನನಗೆ ಕೊಟ್ಟುಹೋದರು. ಆಗ ಅಮ್ಮ ಬೆಂಗಳೂರಿನಿಂದ ಬಂದಿದ್ದಳು. ಅದು ಕತ್ತಿಗೆ ಸೇರಿದ್ದು ಎಂದಷ್ಟೇ ಅವಳಿಗೆ ಗೊತ್ತು. ಆಯುಧಪೂಜೆಯ ಸಂಜೆ ನಾನು ಲ್ಯಾಬಿನಿಂದ ಬಂದಾಗ ದೇವರ ಮುಂದೆ ಚಾಕು, ಕತ್ತರಿ, ನನ್ನ ಸೈಕಲ್ಲಿನ ಕೀಲಿ. ನಡುವೆ ಆ ಬಿಲ್ಲೆ, ಕುಂಕುಮ ಹಚ್ಚಿಸಿಕೊಂಡು ಬೆಳ್ಳಗೆ ಫಳಫಳ ಹೊಳೆಯುತ್ತಿತ್ತು.

"ಪಾಪ, ಎಷ್ಟು ಕಪ್ಪಾಗಿತ್ತು ಕಣೇ. ಹುಣಸೆಹಣ್ಣು, ಉಪ್ಪು ಹಾಕಿ ಬೆಳಿಗ್ಗೆಯಿಂದ ಉಜ್ಜಿದೀನಿ. ಅವರು ಬೇಗ ಹುಷಾರಾಗ್ಲಿ ಅಂತ ಕೈ ಮುಗ್ದಿದೀನಿ," ಎಂದಳು ಅಮ್ಮ.

ತನ್ನ ದೋಸೆ ಕಾವಲಿಯ ಕಪ್ಪು ಹೋಗುತ್ತದೆಂದು ಅದನ್ನು ಸೋಪಿಗೆ ಸೋಕಿಸಲೂ ಬಿಡದವಳು ಇವಳು. ಅವಳ ಕೆಂಪಾದ ಬೆರಳುಗಳನ್ನು ನೋಡಿ ನಿಜ ಹೇಳುವುದು ಬೇಡವೆನಿಸಿತು. ಬಚ್ಚಲಿಗೆ ಹೋಗಿ ಅತ್ತೆ. ಮರುದಿನ ಆಸ್ಪತ್ರೆಗೆ ಫೋನ್ ಮಾಡಿ ಅಜ್ಜನಿಗೆ ಎಲ್ಲ ಹೇಳಿದೆ.

ಅವರು ಮರಳಿ ಬಂದಾಗ ಅಮ್ಮನೇ ಬಿಲ್ಲೆಯನ್ನು ತಟ್ಟೆಯಲ್ಲಿಟ್ಟು ಕೊಟ್ಟಳು. ಅಜ್ಜ ಬಹಳ ಹೊತ್ತು ನೋಡಿದರು. ಬಾತುಗಳ ಅಂಚನ್ನು ಬೆರಳಿನಿಂದ ಸವರಿದರು. ಆಮೇಲೆ ಅಮ್ಮ ಮಾಡುವುದನ್ನು ತಾವು ನೋಡಿದ್ದ ಹಾಗೆಯೇ ಅವಳಿಗೆ ಕೈ ಮುಗಿದರು. ಮೆಟ್ಟಿಲಿನ ಹತ್ತಿರ ನನಗೊಬ್ಬಳಿಗೇ, "ನಿಮ್ಮ ತಾಯಿಗೆ ಯಾವತ್ತೂ ಹೇಳಬೇಡಿ," ಎಂದರು.

ಅಂದಿನಿಂದ ಅವರು ಮತ್ತೆ ದಿನಾ ಒರೆಸತೊಡಗಿದರು. ಅಂಚು ಕಂದು ಬಣ್ಣಕ್ಕೆ ತಿರುಗುವಷ್ಟರಲ್ಲಿ ಅವರೂ ಹೋದರು. ಅಪ್ಪ ಹೇಳಿದ್ದರೆಂದು ಅವರ ಮಗಳು ಬಿಲ್ಲೆಯನ್ನೂ ಬಟ್ಟೆಯನ್ನೂ ತಂದು ನನಗೆ ಕೊಟ್ಟಳು.

ಈಗ ಒರೆಸುವವಳು ನಾನು. ಆಯುಧಪೂಜೆಗೆ ಅಮ್ಮ ಫೋನಿನಲ್ಲಿ ತಪ್ಪದೆ ಕೇಳುತ್ತಾಳೆ.

"ಆ ಅಜ್ಜನ ಬಿಲ್ಲೆ ಇನ್ನೂ ಹೊಳೀತಿದ್ಯಾ?"

"ಹೊಳೀತಿದೆ ಅಮ್ಮ," ಎನ್ನುತ್ತೇನೆ. ಸುಳ್ಳಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಬಾತುಗಳ ರೆಕ್ಕೆಯ ಮೇಲೆ ಕಪ್ಪು ಮರಳದೆ ಇನ್ನೂ ಹೊಳೆಯುತ್ತಿದೆ.