ದಿನಕ್ಕೊಂದು ತಪ್ಪು ಲೆಕ್ಕ ಬರೆಯುವ ಮೇಷ್ಟ್ರು

ಬೆಳಗಿನ ಆರೂವರೆ. ಬಂಡ್ರಿಯ ಆಚೆಗಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಮೌನೇಶ್ ಒದ್ದೆ ಬಟ್ಟೆಯಿಂದ ಕರಿಹಲಗೆ ಒರೆಸುತ್ತಿದ್ದಾರೆ. ಅದಿರಿನ ಲಾರಿಗಳೆಬ್ಬಿಸಿದ ಕೆಂಪು ದೂಳು ಬಟ್ಟೆಗೆ ಹತ್ತುತ್ತದೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ, ಸೀಮೆಸುಣ್ಣ ಎತ್ತಿಕೊಂಡು ಮತ್ತೆ ಕೆಳಗಿಡುತ್ತಾರೆ. ಏಳಕ್ಕೆ ಹತ್ತನೇ ತರಗತಿಯ ಮಕ್ಕಳು ವಿಶೇಷ ಪಾಠಕ್ಕೆ ಬರುತ್ತಾರೆ. ಹತ್ತಕ್ಕೆ ಶಿಕ್ಷಣ ಇಲಾಖೆಯ ಅಧಿಕಾರಿ ಬರುತ್ತಾರೆ. ಅವರು ಬೇಡವೆಂದರೆ, ಅತಿಥಿ ಶಿಕ್ಷಕ ಮೌನೇಶ್ ನಾಳೆಯಿಂದ ಈ ಶಾಲೆಯ ಮೆಟ್ಟಿಲು ಹತ್ತುವಂತಿಲ್ಲ. ಪರೀಕ್ಷೆಗೆ ಇನ್ನು ಅರವತ್ತೊಂದು ದಿನ ಬಾಕಿ ಇದೆ.

"ಇವತ್ತೊಂದಿನ ಕಳ್ಳ ಲೆಕ್ಕ ಬ್ಯಾಡೇನೋ ಅನಸ್ತೈತ್ರಿ," ಎನ್ನುತ್ತಾರೆ ಹಲಗೆಯಿಂದ ಕಣ್ಣು ತೆಗೆಯದೆ. "ಆದ್ರ ಮಕ್ಳು ಬಂದ ಕೂಡ್ಲೇ ಅದನ್ನ ಹುಡುಕ್ತಾವು. ಇಲ್ಲ ಅಂದ್ರ ಏನ್ ಹೇಳ್ಲಿ? ಸರ್ ಹೆದ್ರಿದ್ರು ಅಂತನಾ?"

ಕೊನೆಗೆ ಬರೆದೇ ಬಿಡುತ್ತಾರೆ.

ಕಳ್ಳ ಲೆಕ್ಕ ಅವರದೇ ಕಸುಬು. ಹಲಗೆಯ ಮೇಲೆ ಬಿಡಿಸಿದ ಲೆಕ್ಕಗಳಲ್ಲಿ ದಿನಕ್ಕೊಂದರೊಳಗೆ ಬೇಕೆಂದೇ ಒಂದು ತಪ್ಪನ್ನು ಬಚ್ಚಿಡುತ್ತಾರೆ, ಅದೇ ಕಳ್ಳ. ಹಿಡಿದವರು ಎದ್ದು ಬಂದು, ತಪ್ಪೆಲ್ಲಿದೆ, ಯಾಕೆ ತಪ್ಪು ಎಂದು ಇಡೀ ತರಗತಿ ಒಪ್ಪುವಂತೆ ಹೇಳಬೇಕು. ಅಲ್ಲಿಯವರೆಗೆ ಮೇಷ್ಟ್ರು ತುಟಿ ಬಿಚ್ಚುವುದಿಲ್ಲ. ಕಬ್ಬಿಣದ ಅದಿರಿನ ನಡುವೆಯೇ ಆಡಿ ಬೆಳೆದ ಈ ಮಕ್ಕಳಿಗೂ ಗಣಿತ ಕಬ್ಬಿಣದ ಕಡಲೆಯೇ ಆಗಿತ್ತು. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದವರು ಈಗ ಕತ್ತು ಉದ್ದ ಮಾಡಿ ಹಲಗೆ ನೋಡುತ್ತಾರೆ. ಮೇಷ್ಟ್ರನ್ನೇ ಸಿಕ್ಕಿಹಾಕಿಸುವ ಅವಕಾಶ ಸಿಕ್ಕರೆ ಯಾವ ಮಕ್ಕಳು ಬಿಟ್ಟಾರು?

ಮೂವತ್ತಾರರ ಮೌನೇಶ್ ಸಂಡೂರಿನವರು. ಬಿ.ಎಸ್ಸಿ. ಮುಗಿಸಿದ ಮೇಲೆ ಗಣಿಯೊಂದರ ವೇಬ್ರಿಡ್ಜ್‌ನಲ್ಲಿ ಕೂತರು. ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿಯ ತೂಕ ಕಳೆದು ಚೀಟಿ ಕೊಡುವ ಕೆಲಸ ಅದು. ದಿನಕ್ಕೆ ಇನ್ನೂರು ಚೀಟಿ, ಅದರಲ್ಲಿ ಎಲ್ಲೋ ಎರಡು ತಪ್ಪು. ಆ ಎರಡನ್ನು ಹಿಡಿಯುವುದಕ್ಕೇ ಅವರಿದ್ದದ್ದು. ಗಣಿ ನಿಂತಿತು, ಕೆಲಸವೂ ಹೋಯಿತು. ಬಳ್ಳಾರಿಯಲ್ಲಿ ಬಿ.ಎಡ್. ಮಾಡಿಕೊಂಡು ಬಂದವರಿಗೆ ಒಂಬತ್ತು ವರ್ಷದಿಂದ ಅತಿಥಿ ಶಿಕ್ಷಕನ ಪಟ್ಟವೇ ಗಟ್ಟಿ. ಜೂನ್‌ನಲ್ಲಿ ಕರೆಯುತ್ತಾರೆ, ವರ್ಷ ಮುಗಿದ ಮೇಲೆ ಕಳಿಸುತ್ತಾರೆ. ಒಂಬತ್ತು ವರ್ಷ ಬರುವವನನ್ನು ಅತಿಥಿ ಎನ್ನುವುದು ನಮ್ಮ ಸರ್ಕಾರಕ್ಕೆ ಮಾತ್ರ ಸಾಧ್ಯ. ಬೆಳಗಿನ ಮೊದಲ ಬಸ್ಸು, ಇಳಿದ ಮೇಲೆ ಮೂರು ಕಿಲೋಮೀಟರ್ ನಡಿಗೆ, ದಿನಕ್ಕೆ ಆರು ಪಿರಿಯಡ್ಡು, ನೂರಾ ಹದಿನೆಂಟು ಮಕ್ಕಳ ನೋಟ್‌ಬುಕ್ಕು.

"ವೇಬ್ರಿಡ್ಜ್‌ನ್ಯಾಗ ಕುಂತಾಗ ಒಂದು ಗೊತ್ತಾತ್ರಿ," ಎನ್ನುತ್ತಾರೆ. "ಸರಿ ಐತಿ ಅಂತ ನಂಬಿ ನೋಡಿದ್ರ ತಪ್ಪು ಕಾಣಂಗಿಲ್ಲ. ಅನುಮಾನ ಇಟ್ಟು ನೋಡಿದ್ರ ಕಾಣ್ತೈತಿ. ಅಷ್ಟನ್ನ ಕಲಿಸಾಕ ಹತ್ತೀನಿ."

ಅನುಮಾನ ತಿರುಗಿ ಅವರ ಮೇಲೇ ಬಿದ್ದದ್ದು ಕಳೆದ ಗುರುವಾರ. ಕಳ್ಳ ಆ ದಿನ ಸಿಗದಿದ್ದರೆ, ಮಕ್ಕಳು ರಾತ್ರಿ ಯೋಚಿಸಿ ಬರಲಿ ಎಂದು ಹಲಗೆ ಅಳಿಸದೆ ಬಿಡುವುದು ಅವರ ರೂಢಿ. ಎಂಟನೇ ತರಗತಿಯ ಹಲಗೆಯಲ್ಲಿ ಐವತ್ತೆರಡರ ವರ್ಗ ಹಾಗೇ ಉಳಿದಿತ್ತು. ಐವತ್ತರ ವರ್ಗ ಎರಡು ಸಾವಿರದ ಐನೂರು, ಎರಡರ ವರ್ಗ ನಾಲ್ಕು, ಕೂಡಿದರೆ 2504. ಐವತ್ತನ್ನು ಎರಡರಿಂದ ಗುಣಿಸಿ ಇಮ್ಮಡಿಸಿದರೆ ಬರುವ ನಡುವಿನ ಇನ್ನೂರು ಮಾಯ. ಸಂಜೆ ನಲ್ಲಿ ರಿಪೇರಿ ನೋಡಲು ಬಂದ ಶಾಲಾ ಸಮಿತಿಯ ಸದಸ್ಯ ದುರುಗಣ್ಣ, ಮೊಬೈಲಿನಲ್ಲಿ ಗುಣಿಸಿ ನೋಡಿದರು. 2704 ಬಂತು. ಹಲಗೆಯ ಫೋಟೊ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಮೇಷ್ಟ್ರಿಗೇ ಬರದಿದ್ದರೆ ಮಕ್ಕಳ ಗತಿ ಏನು ಎಂದು ಕೇಳಿದರು. ಅವರೇನು ಕೆಟ್ಟವರಲ್ಲ, ಮಗ ಅದೇ ಶಾಲೆಯಲ್ಲಿದ್ದಾನೆ, ಹೊಟ್ಟೆಯ ಸಂಕಟ. ಮಾರನೆಯ ಬೆಳಿಗ್ಗೆ ಎಂಟನೇ ತರಗತಿಯ ಮಕ್ಕಳು ಆ ಇನ್ನೂರನ್ನು ಹಿಡಿದು ತಂದರು. ಅದರ ಫೋಟೊ ಯಾರೂ ತೆಗೆಯಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಲ್ಲ. ಅಷ್ಟರಲ್ಲಿ ಫೋಟೊ ಅಧಿಕಾರಿಯ ಮೊಬೈಲ್ ಸೇರಿತ್ತು.

ಹತ್ತಕ್ಕೆ ಐದು ನಿಮಿಷವಿರುವಾಗ ಜೀಪು ಬಂದು ನಿಲ್ಲುತ್ತದೆ. ಮುಖ್ಯ ಶಿಕ್ಷಕಿ ಶೈಲಜಾ ಕಳ್ಳ ಲೆಕ್ಕದ ವಿಷಯ ವಿವರಿಸಲು ಹೊರಡುತ್ತಾರೆ. ವಿವರಣೆ ಆಮೇಲೆ, ಮೊದಲು ಹತ್ತನೇ ತರಗತಿಯ ಮಕ್ಕಳನ್ನು ನೋಡುತ್ತೇನೆ ಎನ್ನುತ್ತಾರೆ ಅಧಿಕಾರಿ. ಮೌನೇಶ್ ಹಿಂದಿನ ಗೋಡೆಗೆ ನಿಲ್ಲಬೇಕು, ಮಾತಾಡಬಾರದು, ಸನ್ನೆಯನ್ನೂ ಮಾಡಬಾರದು. ಬಾಗಿಲಲ್ಲಿ ದುರುಗಣ್ಣ ಕೈಕಟ್ಟಿ ನಿಂತಿದ್ದಾರೆ.

ಅಧಿಕಾರಿ ಹಲಗೆಯ ಮೇಲೆ ತಾವೇ ಬರೆಯುತ್ತಾರೆ. ಖಾಲಿ ಲಾರಿ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಗಣಿಗೆ ಹೋಗುತ್ತದೆ. ತುಂಬಿಕೊಂಡು ಅದೇ ದಾರಿಯಲ್ಲಿ ಮೂವತ್ತರ ವೇಗದಲ್ಲಿ ಬರುತ್ತದೆ. ಸರಾಸರಿ ವೇಗ ನಲವತ್ತು. ಬರೆದು ತಿರುಗಿ, ಇದರಲ್ಲಿ ತಪ್ಪೆಲ್ಲಿದೆ ಹೇಳಿ ಎನ್ನುತ್ತಾರೆ.

ನಲವತ್ತೈದು ಎಂಬ ಕೂಗು ಒಮ್ಮೆಗೇ ಏಳುತ್ತದೆ. ಅರವತ್ತಕ್ಕೆ ಮೂವತ್ತು ಕೂಡಿಸಿ ಅರ್ಧ ಮಾಡಿದರೆ ನಲವತ್ತೈದೇ ತಾನೆ? ಎಲ್ಲರೂ ಒಪ್ಪುತ್ತೀರಾ ಎಂದು ಅಧಿಕಾರಿ ಎರಡು ಸಲ ಕೇಳುತ್ತಾರೆ. ಬಾಗಿಲಲ್ಲಿ ದುರುಗಣ್ಣನೂ ತಲೆ ಆಡಿಸುತ್ತಾರೆ.

ಹಿಂದಿನ ಗೋಡೆಯ ಬಳಿ ಮೌನೇಶ್ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ನಲವತ್ತು ಸರಿ. ಹಲಗೆಯ ಮೇಲೆ ತಪ್ಪೇ ಇಲ್ಲ. ಎಂಟು ತಿಂಗಳಿಂದ ಒಂದು ದಿನವೂ ಬಿಡದೆ ಕಳ್ಳನನ್ನು ಬಚ್ಚಿಟ್ಟವರು, ಕಳ್ಳನಿಲ್ಲದ ಹಲಗೆಯನ್ನು ಈ ಮಕ್ಕಳಿಗೆ ಒಮ್ಮೆಯೂ ತೋರಿಸಿಲ್ಲ. ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂದು ಕಲಿಸಿಬಿಟ್ಟಿದ್ದಾರೆ. ಫೋಟೊದಲ್ಲಿದ್ದದ್ದು ಬೇಕೆಂದು ಮಾಡಿದ ತಪ್ಪು. ಇದು ಅವರದೇ ನಿಜವಾದ ತಪ್ಪು, ಈಗ ಎಲ್ಲರೆದುರು ಬಯಲಾಗುತ್ತಿದೆ. ಅಧಿಕಾರಿ ಸುಮ್ಮನಿರುವುದನ್ನು ಕಂಡು ಮಕ್ಕಳು ಅಳುಕಿ ಒಬ್ಬೊಬ್ಬರೇ ಹಿಂದಿರುಗಿ ಮೇಷ್ಟ್ರ ಮುಖ ನೋಡುತ್ತಾರೆ. ಅಲ್ಲವೆಂದು ತಲೆ ಅಲ್ಲಾಡಿಸಿದರೆ ಸಾಕು, ಮಕ್ಕಳಿಗೆ ತಿಳಿದುಹೋಗುತ್ತದೆ. ಮೌನೇಶ್ ನೆಲ ನೋಡುತ್ತಾರೆ.

ಮೂರನೇ ಬೆಂಚಿನಿಂದ ಐಶ್ವರ್ಯ ಏಳುತ್ತಾಳೆ. ಲಾರಿ ಚಾಲಕ ಓಬಳಪ್ಪನ ಮಗಳು.

"ಇದರಾಗ ಕಳ್ಳ ಇಲ್ರಿ ಸರ್."

ಯಾರೋ ಕಿಸಕ್ಕೆಂದು ನಗುತ್ತಾರೆ. ಅವಳು ನಿಲ್ಲಿಸುವುದಿಲ್ಲ. "ದಾರಿ ಅರವತ್ತು ಕಿಲೋಮೀಟರ್ ಅಂತ ಇಟ್ಕೊಳ್ರಿ. ನಮ್ಮಪ್ಪ ಖಾಲಿ ಹೋಗಾಕ ಒಂದು ತಾಸು. ಲೋಡ್ ತುಂಬಿಕೊಂಡು ಬರಾಕ ಎರಡು ತಾಸು. ಹೋಗಿ ಬಂದು ನೂರಾ ಇಪ್ಪತ್ತು, ಮೂರು ತಾಸಿಗೆ. ನಲವತ್ತೇ ಆತಲ್ರಿ. ಸಾವಕಾಶ ಬರೋದ್ರಾಗ ಹೊತ್ತು ಜಾಸ್ತಿ ಹೊಕ್ಕೈತಿ, ಅದಕ್ಕ ಎರಡೂ ಕೂಡ್ಸಿ ಅರ್ಧ ಮಾಡಿದ್ರ ಬರಂಗಿಲ್ಲ."

ತರಗತಿಯಲ್ಲಿ ಒಂದೊಂದೇ ಪೆನ್ನು ಕಾಗದದ ಮೇಲೆ ಓಡತೊಡಗುತ್ತದೆ. ಅಧಿಕಾರಿ ಸೀಮೆಸುಣ್ಣ ಮೇಜಿನ ಮೇಲಿಟ್ಟು ಹುಡುಗಿಯ ಹೆಸರು ಕೇಳುತ್ತಾರೆ.

ಭೇಟಿ ಪುಸ್ತಕದಲ್ಲಿ ಅವರು ಬರೆದದ್ದು ಎರಡೇ ಸಾಲು: ಅತಿಥಿ ಶಿಕ್ಷಕರನ್ನು ವರ್ಷದ ಕೊನೆಯವರೆಗೆ ಮುಂದುವರಿಸುವುದು, ಶಾಲೆ ಬಿಟ್ಟ ಮೇಲೆ ಹಲಗೆಯ ಮೇಲೆ ತಪ್ಪು ಉಳಿಸುವಂತಿಲ್ಲ. ದುರುಗಣ್ಣ ಕ್ಷಮೆ ಕೇಳಲಿಲ್ಲ. ಬದಲಿಗೆ ಲಾರಿಯ ಲೆಕ್ಕವನ್ನು ಅದೇ ಗುಂಪಿಗೆ ಹಾಕಿ ಉತ್ತರ ಕೇಳಿದರು. ಸಂಜೆಯೊಳಗೆ ಊರಿನ ಹದಿಮೂರು ಮಂದಿ ಉತ್ತರಿಸಿದ್ದರು, ಹದಿಮೂರೂ ನಲವತ್ತೈದು.

ಇನ್ನು ಮೇಲೆ ವಾರಕ್ಕೊಂದು ದಿನ ತಪ್ಪೇ ಇಲ್ಲದ ಹಲಗೆ ಬರೆಯುತ್ತೇನೆ, ಯಾವ ದಿನವೆಂದು ಮಾತ್ರ ಹೇಳುವುದಿಲ್ಲ ಎನ್ನುತ್ತಾರೆ ಮೌನೇಶ್. ಮುಂದಿನ ಜೂನ್‌ನಲ್ಲಿ ಕರೆಯುತ್ತಾರೋ ಇಲ್ಲವೋ ತಿಳಿಯದು. ಕೆಲಸ ಖಾಯಂ ಆಗಲಿ ಎಂಬ ಆಸೆ ಇಲ್ಲವೆಂದರೆ ಸುಳ್ಳಾಗುತ್ತದೆ ಎಂದು ನಗುತ್ತಾರೆ. ಆಮೇಲೆ ಹಲಗೆ ಒರೆಸುತ್ತಾ ಹೇಳುತ್ತಾರೆ:

"ನಲವತ್ತು ಮಕ್ಳು ನನ್ನ ಮುಖ ನೋಡಿದ್ವು. ಆಕಿ ಒಬ್ಬಾಕಿ ತಿರುಗಿ ನೋಡ್ಲಿಲ್ರಿ."